ಮೂರು ಕಡಲುಗಳಾಚೆಯ ಬೀದರ

ಕಮಠಾಣದ ಪಾರ್ಶ್ವನಾಥ ಬಸದಿಯನ್ನು ನೋಡಿಕೊಂಡು ಬೀದರಿಗೆ ಬರುವ ಪ್ರವಾಸಿಕನು, ಇದೇ ನಗರವನ್ನು ಹೊಕ್ಕ ಒಬ್ಬ ರಷ್ಯನ್ ವರ್ತಕನನ್ನು ನೆನೆಯಬೇಕು. ತ್ವೇರ್ ಪಟ್ಟಣದ ಅಫನಾಸಿ ನಿಕಿತಿನನು ದೇಶ ನೋಡುವ ಹಂಬಲದಿಂದ ಇಲ್ಲಿಗೆ ಬಂದವನಲ್ಲ. ವೋಲ್ಗಾ ನದಿಯ ದಾರಿಯಲ್ಲಿ ತಾತಾರರು ಅವನ ಸರಕನ್ನು ದೋಚಿದ್ದರು. ಬರಿಗೈಯಲ್ಲಿ ಮರಳಿದರೆ ಸಾಲ ಕೊಟ್ಟವರು ಬಿಟ್ಟಾರೆಯೇ? ಪರ್ಷಿಯಾವನ್ನು ಹಾದು, ಹೋರ್ಮುಜ್‌ನಲ್ಲಿ ಕುದುರೆಯೊಡನೆ ಹಡಗು ಹತ್ತಿ, 1470ರ ಸುಮಾರಿಗೆ ಚೌಲ್ ಬಂದರಿನಲ್ಲಿ ಇಳಿದನು. ಜುನ್ನಾರಿನ ಖಾನನು ಕುದುರೆಯನ್ನು ಕಸಿದುಕೊಂಡು, ಮತ ಬಿಟ್ಟರೆ ಕೊಡುವೆನೆಂದನು. ಖುರಾಸಾನದ ಸಜ್ಜನನೊಬ್ಬನ ಮಾತಿನಿಂದ ಕುದುರೆಯೂ ಉಳಿಯಿತು, ಮತವೂ ಉಳಿಯಿತು.

ಆ ಕುದುರೆ ಮಾರಾಟವಾದುದು ಬೀದರಿನಲ್ಲಿ. ಸುಲ್ತಾನನ ಅರಮನೆಯ ಏಳು ಬಾಗಿಲುಗಳನ್ನೂ, ಬೆಳ್ಳಿಯ ಮಂಚಗಳಲ್ಲಿ ಹೊರಿಸಿಕೊಂಡು ಸಾಗುವ ಅಮೀರರನ್ನೂ ವರ್ಣಿಸಿದ ನಿಕಿತಿನನು ಹಳ್ಳಿಗರ ಬಡತನವನ್ನು ಬರೆಯಲು ಮರೆಯಲಿಲ್ಲ. ಆದರೆ ಅವನನ್ನು ಕಾಡಿದ ಚಿಂತೆ ಬೇರೊಂದು. ಧರ್ಮಗ್ರಂಥಗಳು ದರೋಡೆಯಲ್ಲಿ ಹೋಗಿದ್ದುದರಿಂದ, ಈಸ್ಟರ್ ಹಬ್ಬ ಎಂದು ಬರುವುದೆಂದೇ ತಿಳಿಯದು! ಸುತ್ತಲಿನ ಮುಸಲ್ಮಾನರೊಡನೆ ತಾನೂ ಉಪವಾಸವಿದ್ದು ದಿನ ಕಳೆದನು. ಪರದೇಶದಲ್ಲಿ ಪಂಚಾಂಗವಿಲ್ಲದೆ ಯುಗಾದಿಯನ್ನು ಊಹಿಸಿದವರಿಗೆ ಈ ಸಂಕಟ ಅರ್ಥವಾದೀತು.

ಅವನು ಉಲ್ಲೇಖಿಸಿದ ವಜೀರ, ಗೀಲಾನಿನಿಂದ ಬಂದ ಮಹಮೂದ್ ಗವಾನನೂ ಮೂಲತಃ ವರ್ತಕನೇ. 1472ರಲ್ಲಿ ಕಟ್ಟಿಸಿದ ಅವನ ಮದರಸಾದಲ್ಲಿ ಒಂದು ಮಿನಾರೂ ಅಲ್ಲಲ್ಲಿ ನೀಲಿ ಹೆಂಚುಗಳೂ ಇಂದಿಗೂ ಉಳಿದಿವೆ. 1481ರಲ್ಲಿ ಸುಲ್ತಾನನು ಆ ವಜೀರನಿಗೆ ಮರಣದಂಡನೆ ವಿಧಿಸಿದನು.

ನಿಕಿತಿನನೂ ಊರು ಸೇರಲಿಲ್ಲ. ಸ್ಮೋಲೆನ್ಸ್ಕ್ ಮುಟ್ಟುವ ಮುನ್ನವೇ ತೀರಿಕೊಂಡನು. ಅವನ ಹಸ್ತಪ್ರತಿಯನ್ನು ಬೇರೆ ವರ್ತಕರು ಮಾಸ್ಕೋಗೆ ಒಯ್ದರು.