ಕಾಡಿನ ತೂಕ

ಹುಣಸೂರಿನಿಂದ ನಾಗರಹೊಳೆಗೆ ಪಯಣಿಸುವ ವಾಚಕರು, ದಾರಿಯಲ್ಲಿ ಸಾಲುಸಾಲಾಗಿ ನಿಂತ ತೇಗದ ನೆಡುತೋಪುಗಳನ್ನು ಕಂಡು, ಸಮೃದ್ಧವಾದ ಅರಣ್ಯವೆಂದರೆ ಇದೇ ಎಂದು ಭಾವಿಸುವುದುಂಟು. ಆದರೆ ಕಾಡಿನ ತೂಕವು ಮರಗಳ ಎಣಿಕೆಯಲ್ಲಿ ಅಡಗಿಲ್ಲ. ಸಮಾನ ಎತ್ತರದ ಎರಡು ಮರಗಳಲ್ಲಿ ಒಂದರ ಸುತ್ತಳತೆಯು ಇನ್ನೊಂದರ ಇಮ್ಮಡಿಯಾದರೆ, ಅದರ ಕಾಂಡದ ಗಾತ್ರವು ಸುಮಾರು 4 ಮಡಿಯಾಗುವುದು. ಜಾತಿಯೂ ಮುಖ್ಯವೇ, ದಿಂಡಿಗ, ಮತ್ತಿಗಳ ಗಟ್ಟಿಮರವೆಲ್ಲಿ, ಬೂರುಗದ ಹಗುರಮರವೆಲ್ಲಿ! ಒಣಮರದ ತೂಕದಲ್ಲಿ ಸರಿಸುಮಾರು ಅರ್ಧವು ಗಾಳಿಯಿಂದ ಹೀರಿದ ಇಂಗಾಲವೇ ಆಗಿರುವುದು.

ಹೆಗ್ಗಡದೇವನಕೋಟೆಯ ಕಾಕನಕೋಟೆ ಕಾಡಿನಲ್ಲಿ ಮತ್ತಿ, ಹೊನ್ನೆ, ಬೀಟೆ, ನಂದಿಗಳು ಮೇಲೆ ಹರಡಿಕೊಂಡು, ಕೆಳಗೆ ನೆಲ್ಲಿ, ಬಿದಿರುಗಳಿಗೂ ಎಡೆಗೊಡುತ್ತವೆ. ಹೊರದೇಶದಿಂದ ಬಂದ ಲಂಟಾನದ ಪೊದೆ ಕವಿದೆಡೆ ಮಾತ್ರ ಈ ಮರಗಳ ಎಳೆಯ ಸಸಿಗಳಿಗೆ ಬಿಸಿಲೇ ದೊರೆಯದು. ಅಲ್ಲಿ ಹಳೆಯ ಮರವೊಂದು ಉರುಳಿದರೆ ಆ ಸ್ಥಾನಕ್ಕೆ ಬರುವವರಾರು?

ಕಾಡಿನಾಚೆ, ಹುಣಸೂರು, ಪಿರಿಯಾಪಟ್ಟಣಗಳ ಹೊಗೆಸೊಪ್ಪಿನ ಬ್ಯಾರನ್ನುಗಳಿಗೆ ಎಲೆ ಹದಮಾಡಲು ಸೌದೆ ಬೇಕು; ಹೊಲದಂಚಿನ ಹೆಮ್ಮರಗಳ ಮೇಲೆ ಕಣ್ಣು ಬೀಳುವುದು ಸಹಜವೇ. ರೈತನ ಕಷ್ಟವನ್ನು ನಾವು ಅಲ್ಲಗಳೆಯೆವು. ಆದರೆ ಕಡಿದ ಒಂದಕ್ಕೆ ಹತ್ತು ಸಸಿ ನೆಟ್ಟೆವೆಂಬ ಲೆಕ್ಕವನ್ನು ಮಾತ್ರ ಗೃಹಸ್ಥರು ಒಪ್ಪಲಾಗದು. ಆ ಹತ್ತೂ ಬದುಕಿ, ಬಲಿತು, ಹಳೆಯದರ ತೂಕಕ್ಕೆ ಬರುವಷ್ಟರಲ್ಲಿ ನೆಟ್ಟವನ ತಲೆ ನರೆತಿರುವುದು.