ವೇಗಕ್ಕೆ ತೆತ್ತ ಬೆಲೆ

ಒಂದರಿಂದ ಇಪ್ಪತ್ತೊಂದರವರೆಗಿನ ಸಂಖ್ಯೆಗಳನ್ನು ಒಂದಕ್ಕೊಂದು ಗುಣಿಸಿದರೆ ಬರುವ ಉತ್ತರವು ಋಣಸಂಖ್ಯೆಯಾಗಬಲ್ಲುದೇ? ಮಗ್ಗಿ ಕಲಿತ ಬಾಲಕನೂ ಆಗದೆಂದೇ ಹೇಳುವನು. ಆದರೆ ಗಣಿತಜ್ಞರೂ ಭೌತವಿಜ್ಞಾನಿಗಳೂ ನೆಚ್ಚಿಕೊಂಡಿರುವ ಗಣಕಭಾಷೆಯೊಂದು, ಸಂದರ್ಭ ಒದಗಿದರೆ, -4249290049419214848 ಎಂದು ನಿಸ್ಸಂಕೋಚವಾಗಿ ಉತ್ತರವೀಯುತ್ತದೆ!

ಆ ಭಾಷೆಯೇ ಮ್ಯಾಥಮ್ಯಾಟಿಕಾ. ಸ್ಟೀಫನ್ ವುಲ್ಫ್ರಮ್ ಅವರ ಸಂಸ್ಥೆ ಇದನ್ನು ಅಮೆರಿಕದಲ್ಲಿ 1988ರಲ್ಲಿ ಹೊರತಂದಿತು. ನಿಖರತೆಯೇ ಇದರ ಹಿರಿಮೆ. ಮೂರನೆಯ ಒಂದು ಭಾಗವನ್ನು ಇದು ದಶಮಾಂಶಕ್ಕಿಳಿಸದೆ ಹಾಗೆಯೇ ಇರಿಸಿಕೊಳ್ಳುತ್ತದೆ. ಒಂದರಿಂದ ನೂರರವರೆಗಿನ ಗುಣಲಬ್ಧದ 158 ಅಂಕಿಗಳಲ್ಲಿ ಒಂದನ್ನೂ ಬಿಡದೆ ಬರೆದುಕೊಡುತ್ತದೆ. ಆದರೆ ಹೆಜ್ಜೆಹೆಜ್ಜೆಗೂ ‘ಇದು ಪೂರ್ಣಾಂಕವೋ, ಭಿನ್ನರಾಶಿಯೋ, ಬರಿಯ ಅಕ್ಷರವೋ’ ಎಂದು ವಿಚಾರಿಸುತ್ತ ಸಾಗುವುದರಿಂದ ಕೆಲಸ ನಿಧಾನ.

ಅವಸರದವರಿಗಾಗಿ ‘ಕಂಪೈಲ್’ ಎಂಬ ಏರ್ಪಾಡುಂಟು. ಸೂತ್ರವನ್ನು ಮೊದಲೇ ಸರಳವಾದ ಆದೇಶಗಳಿಗೆ ಅನುವಾದಿಸಿಟ್ಟರೆ, ಮತ್ತೆ ಮತ್ತೆ ವಿಚಾರಣೆ ಬೇಡ. ಆದರೆ ಈ ಅನುವಾದಕ್ಕೆ ತನ್ನದೇ ಕಟ್ಟಳೆಗಳಿವೆ. ಬೇರೆ ಹೇಳದಿದ್ದರೆ ಕೊಟ್ಟ ಸಂಖ್ಯೆಯನ್ನೆಲ್ಲ ಅದು ದಶಮಾಂಶವೆಂದೇ ಭಾವಿಸುತ್ತದೆ. ಪೂರ್ಣಾಂಕವೆಂದು ಹೇಳಿದರೋ, 64 ಬಿಟ್ಟುಗಳ ಒಂದು ಅಳತೆಯ ಪೆಟ್ಟಿಗೆಯಲ್ಲಿ ಇರಿಸುತ್ತದೆ. ಅದರಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ 9223372036854775807.

ಇಪ್ಪತ್ತರವರೆಗಿನ ಗುಣಲಬ್ಧ 2432902008176640000. ಪೆಟ್ಟಿಗೆಯೊಳಗೆ ಸುಖವಾಗಿ ಕುಳಿತಿತು. ಇಪ್ಪತ್ತೊಂದಕ್ಕೆ ಬಂದೊಡನೆ 51090942171709440000; ಪೆಟ್ಟಿಗೆ ಸಾಲದು. ಮೋಟಾರುಗಾಡಿಯ ಮೈಲಿಯಂತ್ರ ಒಂಬತ್ತುಗಳೆಲ್ಲ ಮುಗಿದ ಮೇಲೆ ಸೊನ್ನೆಗೆ ಹೊರಳುವುದಿಲ್ಲವೇ? ಇಲ್ಲಿ ಹೊರಳುವುದು ಸೊನ್ನೆಗಲ್ಲ, ಋಣಸಂಖ್ಯೆಗಳ ಕಟ್ಟಕಡೆಗೆ. ಅಪಾಯವಿರುವುದು ಇಲ್ಲಿಯೇ: ಹತ್ತು, ಹದಿನೈದು, ಇಪ್ಪತ್ತು ಎಂದು ಪರೀಕ್ಷಿಸಿ ನೋಡಿದವನಿಗೆ ಎಲ್ಲವೂ ಸರಿಯಾಗಿಯೇ ಕಾಣುವುದು.

ರಚಿಸಿದವರು ಇದನ್ನು ಅರಿಯದವರಲ್ಲ. ಸಾಮಾನ್ಯವಾಗಿ, ಪೆಟ್ಟಿಗೆ ತುಂಬಿದೊಡನೆ ಯಂತ್ರವು ಎಚ್ಚರಿಕೆಯ ಮಾತೊಂದನ್ನು ಹೇಳಿ, ಅನುವಾದವನ್ನು ಬದಿಗಿರಿಸಿ, ಹಳೆಯ ನಿಧಾನಮಾರ್ಗದಲ್ಲೇ ಸರಿಯುತ್ತರವನ್ನು ತರುತ್ತದೆ. ಇನ್ನಷ್ಟು ವೇಗದ ಆಸೆಯಿಂದ ‘ಸ್ಪೀಡ್’ ಎಂಬ ಆಯ್ಕೆಯನ್ನು ಒತ್ತಿ ಹೇಳಿದವನಿಗೆ ಮಾತ್ರ ಈ ಕಾವಲು ಇಲ್ಲ. ಸುಳ್ಳು ಉತ್ತರ ಸದ್ದಿಲ್ಲದೆ ಬಂದು, ಮುಂದಿನ ಲೆಕ್ಕಗಳಲ್ಲೆಲ್ಲ ಬೆರೆತುಹೋಗುವುದು. ಕಾವಲುಗಾರನನ್ನು ತಾನೇ ಮನೆಗೆ ಕಳುಹಿಸಿದವನು ಯಾರನ್ನು ದೂರಬೇಕು?

ಇನ್ನೊಂದು ವಿಚಿತ್ರ ಇಷ್ಟು ಭಯಂಕರವಲ್ಲ, ಬೇಸರದ್ದು. ಅನುವಾದಕನು ತನಗೊಪ್ಪಿಸಿದ ಸೂತ್ರವನ್ನಲ್ಲದೆ ಹೊರಗೆ ಬೇರೆಡೆ ಬರೆದಿಟ್ಟ ಸೂತ್ರವನ್ನು ಸಾಮಾನ್ಯವಾಗಿ ಇಣುಕಿ ನೋಡುವುದಿಲ್ಲ. ಅದರ ಹೆಸರು ಬಂದಾಗಲೆಲ್ಲ ಕೆಲಸ ನಿಲ್ಲಿಸಿ ಮೂಲಯಂತ್ರದ ಬಳಿಗೆ ಓಡಿ, ಕೇಳಿಕೊಂಡು ಬರುತ್ತಾನೆ. ಉತ್ತರ ಸರಿಯೇ, ಆದರೆ ಲಕ್ಷ ಸುತ್ತುಗಳಿದ್ದರೆ ಲಕ್ಷ ಸಲ ಓಟ! ಅನುವಾದವಾದ ಆದೇಶಗಳನ್ನು ತೆರೆದು ತೋರಿಸುವ ‘ಕಂಪೈಲ್‌ಪ್ರಿಂಟ್’ ಎಂಬ ಸಾಧನವುಂಟು. ಅದು ಕೊಟ್ಟ ಪಟ್ಟಿಯಲ್ಲಿ ‘ಮೇನ್‌ಇವ್ಯಾಲ್ಯುಯೇಟ್’ ಎಂಬ ಪದ ಕಂಡುಬಂದರೆ, ಓಟ ನಡೆಯುತ್ತಿರುವ ಸ್ಥಳ ಅದೇ.