ಖಾಲಿ ತೋಟೆ ತುಂಬುವ ಬುದ್ಧಿವಂತರಿಗೆ

ಎಲೆಕ್ಟ್ರಾನಿಕ್ ಸಿಟಿ ಕ್ಯಾಂಟೀನಿನಲ್ಲಿ ಕೂತು, "ಅಜ್ಜನ ಹಳೇ .22 ಕೋವಿಗೆ ಖಾಲಿ ತೋಟೆಯನ್ನೇ ಮತ್ತೆ ತುಂಬಿಸ್ಕೋಬಹುದು, ಹೇಗೂ ಕೊಡವರಿಗೆ ವಿನಾಯಿತಿ ಇದೆಯಲ್ಲ" ಅನ್ನೋ ಗೆಳೆಯರೇ, ನಾನೂ ಕೊಡಗಿನವನೇ. ಏನ್ ಸ್ವಾಮಿ ಇದು?

2019ರಲ್ಲಿ ಕೇಂದ್ರ 2029ರವರೆಗೆ ಮುಂದುವರಿಸಿದ ವಿನಾಯಿತಿ ಕೋವಿ ಇಟ್ಟುಕೊಳ್ಳೋಕೆ, ತೋಟೆ ತಯಾರಿಸೋಕಲ್ಲ. ತಯಾರಿಕೆಗೆ 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಬೇರೆ ಲೈಸೆನ್ಸ್ ಕೇಳುತ್ತೆ.

ಕಾನೂನು ಬಿಡಿ, ಇಂಜಿನಿಯರ್ ತಲೆ ಎಲ್ಲಿಗೆ ಹೋಯ್ತು? ರಿಮ್‌ಫೈರ್ ತೋಟೆಯಲ್ಲಿ ಕಿಡಿ ಹೊತ್ತಿಸೋ ಮದ್ದು ಅಂಚಿನ ಮಡಿಕೆಯೊಳಗೇ ಇರುತ್ತೆ. ಪಿನ್ ಬಡಿದು ಅಂಚು ಜಜ್ಜಿದ ಮೇಲೆ ಅದರ ಕಥೆ ಮುಗೀತು. ಸೆಂಟರ್‌ಫೈರ್ ಥರ ಬದಲಾಯಿಸೋಕೆ ಅಲ್ಲಿ ಬೇರೆ ಕೇಪೇ ಇಲ್ಲ! ಹಳೇ ನಳಿಗೆ ಸಿಡಿದ್ರೆ ಹೋಗೋದು ನಿಮ್ಮ ಕಣ್ಣು, ಬೆರಳು, ಬ್ಯಾಕಪ್ ಇಲ್ಲ.

ಅಜ್ಜನ ಕೋವಿ ಮೇಲೆ ಅಷ್ಟು ಪ್ರೀತಿ ಇದ್ರೆ ಸೆಪ್ಟೆಂಬರಿನಲ್ಲಿ ರಜೆ ಹಾಕಿ, ಕೈಲ್ ಪೊಳ್ದ್‌ಗೆ ಊರಿಗೆ ಹೋಗಿ ತೋಕ್ ಪೂ ಇಟ್ಟು ಪೂಜೆ ಮಾಡಿ.